ಮೂರನೆಯ ತೋಳು

ನನ್ನ ಅಣ್ಣ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ಹೊಲಿಯಲು ಕೂರುತ್ತಿದ್ದ ಅವನ ಮಗಳು ಸದಾ ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದಳು. ಹಾಗಾಗಿ ಅವಳನ್ನು ಗುಂಡುಸೂಜಿ ಎಂದೇ ಕರೆಯುತ್ತಿದ್ದೆವು. ಮುಂದೆ ಅವಳು ಬಿದ್ದಾಗಲೆಲ್ಲ ಆ ಸೂಜಿ ಗಂಟಲಿಗಿಳಿಯದೆ ಉಳಿದದ್ದು ನಮ್ಮ ಬುದ್ಧಿವಂತಿಕೆಯಿಂದಲ್ಲ, ಅವಳ ಅದೃಷ್ಟದಿಂದ.

ಒಂದು ವಾರ ಜ್ವರ ಬಂದುಹೋದ ಮೇಲೆ ಹುಡುಗಿ ಮಂಕಾದಳು. ಒಂದೇ ಅಂಗಿಗೆ ಮೂರು ತೋಳು ಕತ್ತರಿಸಿಟ್ಟಳು. ಮದುವೆಯ ಯೋಚನೆ ಇರಬೇಕೆಂದು ಎಲ್ಲರೂ ನಕ್ಕೆವು, ನಾನೂ ನಕ್ಕೆ. ಎರಡು ದಿನ ಕಳೆದು ಹೊಲಿಗೆ ಯಂತ್ರದ ಪಕ್ಕ ಬಿದ್ದು ಒದ್ದಾಡಿದಳು. ಅತ್ತಿಗೆ ಮೊದಲು ಮಾಡಿದ ಕೆಲಸ ಬೀದಿ ಬಾಗಿಲು ಹಾಕಿದ್ದು. ಆಮೇಲೆ ಅಂಗಡಿಯ ಕಬ್ಬಿಣದ ಬೀಗದ ಕೈಯನ್ನು ಮಗಳ ಮುಷ್ಟಿಗೆ ತುರುಕಿದಳು. ಎರಡು ನಿಮಿಷಕ್ಕೆ ಒದ್ದಾಟ ನಿಂತಿತು.

"ನೋಡಿದ್ಯಾ? ಕಬ್ಬಿಣ ಮುಟ್ಟಿದ ತಕ್ಷಣ ಇಳೀತು!"

"ಅದು ತಾನಾಗೇ ನಿಲ್ಲುತ್ತೆ ಅತ್ತಿಗೆ. ಮುದುಕಿಯ ಕೋಳಿ ಕೂಗದಿದ್ರೂ ಬೆಳಗಾಗುತ್ತೆ. ಮೊದಲು ಮಗ್ಗುಲಿಗೆ ಮಲಗ್ಸಿ, ಆಮೇಲೆ ಡಾಕ್ಟರ ಹತ್ರ ಹೋಗೋಣ," ಎಂದೆ ನಾನು.

"ಹೋಗಿ ಏನಂತ ಹೇಳೋದು?" ಎಂದ ಅಣ್ಣ. "ಮೂರ್ಛೆ ಅಂತ ಒಂದ್ಸಲ ಹೆಸರು ಬಿದ್ರೆ ಯಾರು ಮದುವೆ ಮಾಡ್ಕೋತಾರೆ ಇವಳನ್ನ?"

ಕೊನೆಗೆ ಹೋದರು. ಹೋಗಿ, ಊಟ ಬಿಟ್ಟು ತಲೆಸುತ್ತು ಬಂತೆಂದು ಹೇಳಿ ಟಾನಿಕ್ ತಂದರು! ಹುಡುಗಿ ಟಾನಿಕ್ ಕುಡಿದಳು, ಬಿದ್ದಳು; ಮತ್ತೆ ಕುಡಿದಳು, ಮತ್ತೆ ಬಿದ್ದಳು. ಆರು ವಾರದಲ್ಲಿ ಹನ್ನೊಂದು ಸಲ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು ನನಗೆ. ಒಂದು ದಿನ ಅವಳು ನನ್ನನ್ನೇ ನೋಡಿ, "ಯಾರು ಬೇಕಿತ್ತು?" ಎಂದಳು. ಎತ್ತಿ ಆಡಿಸಿದ ಅತ್ತೆ ನಾನು.

ಆ ದಿನವೇ ಎಲ್ಲರನ್ನೂ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರಮ್ಮ ಕೇಳುವ ಮೊದಲೇ ಅತ್ತಿಗೆ ಶುರುಮಾಡಿದಳು: "ಸರಿಯಾಗಿ ಊಟ ಮಾಡಲ್ಲಮ್ಮ, ಸ್ವಲ್ಪ ತಲೆಸುತ್ತು..."

"ಅಮ್ಮಾ, ಸುಮ್ನಿರು." ಹುಡುಗಿ ಚೀಲದಿಂದ ಮೂರು ತೋಳುಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಪಕ್ಕದಲ್ಲಿ ಬೀಗದ ಕೈ ಇಟ್ಟಳು. "ಇವು ಒಂದೇ ಅಂಗೀವು. ಜ್ವರ ಬಂದ್ಮೇಲೆ ಹೀಗಾಯ್ತು. ನಂಗೆ ಫಿಟ್ಸ್ ಬರುತ್ತೆ, ಬಂದಾಗ ಇದನ್ನ ಹಿಡಿಸ್ತಾರೆ. ನನ್ನ ಮದುವೆ ಆಮೇಲಾಗ್ಲಿ, ಈಗ ನನ್ನ ತಲೆ ನೋಡಿ."

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ಹೇಳಿದರು: "ಮೆದುಳಿಗೆ ಉರಿಯೂತ ಆಗಿದೆ. ಎಲ್ಲರ ಮೂರ್ಛೆಗೂ ಅದೇ ಕಾರಣ ಅಲ್ಲ, ಇವಳಿಗೆ ಅದೇ. ಊತ ಇಳಿಸೋ ಔಷಧಿ, ಫಿಟ್ಸ್ ತಡೆಯೋ ಮಾತ್ರೆ ಎರಡೂ ಬೇಕು. ಈ ಮೂರು ತೋಳನ್ನ ಮೊದಲೇ ತೋರಿಸಬಾರದಿತ್ತಾ?"

ಔಷಧಿಯಿಂದ ಚೇತರಿಸಿಕೊಂಡು ಹುಡುಗಿ ಈಗ ಮತ್ತೆ ಹೊಲಿಯುತ್ತಾಳೆ. ಕೆಲವು ನೆನಪುಗಳು ವಾಪಸು ಬರಲಿಲ್ಲ. ತಾನೇ ಹೊಲಿದ ಮೊದಲ ಅಂಗಿಯನ್ನು ಅವಳು ಗುರುತಿಸುವುದಿಲ್ಲ. ಇದು ಕಾಯಿಲೆ ಕಿತ್ತುಕೊಂಡದ್ದಲ್ಲ, ನಾವು ಮುಚ್ಚಿಟ್ಟು ಕಳೆದದ್ದು ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಹೆಣ್ಣು ನೋಡಲು ಬಂದವರಿಗೆ ಅವಳೇ ತನ್ನ ಕಾಯಿಲೆ ಹೇಳಿದಳು. ಅವರು ಟೀ ಅರ್ಧಕ್ಕೇ ಬಿಟ್ಟು ಎದ್ದರು. ಅತ್ತಿಗೆ ಅಳುತ್ತಾ ಬೀದಿ ಬಾಗಿಲು ಹಾಕಲು ಹೋದಳು.

"ತೆಗೆದೇ ಇರ್ಲಿ ಅಮ್ಮಾ," ಎಂದಳು ಹುಡುಗಿ, ಬಟ್ಟೆಯ ಮೇಲಿನಿಂದ ಕಣ್ಣೆತ್ತದೆ. "ನಾನು ಮತ್ತೆ ಬಿದ್ರೆ, ನಾಲ್ಕು ಜನಕ್ಕೆ ಕಾಣ್ಲಿ."