ಎರಡನೇ ಸಿರಿಂಜ್

ನರ್ಸ್ ಬತೂಲ್ ಖಾಲಿ ಸೀಸೆಯನ್ನು ಬೆಳಕಿಗೆ ಹಿಡಿದಳು. ಏಳು ದಿನ ಬರಬೇಕಾದ ನೋವಿನ ಔಷಧಿ ನಾಲ್ಕೇ ದಿನಕ್ಕೆ ಮುಗಿದಿತ್ತು. ತಳದಲ್ಲಿ ಅಂಟು ಕೂಡ ಇರಲಿಲ್ಲ; ನೀರು ಹಾಕಿ ಕುಲುಕಿ ಅದನ್ನೂ ಕುಡಿಸಿದ್ದರು.

"ಯಾಮ್ನಾ, ಇಜ್ಜಾಗೆ ಜಾಸ್ತಿ ಕೊಟ್ಟೆಯಾ?"

"ಇಲ್ಲಕ್ಕ. ಸಿರಿಂಜಿನ ಮೇಲೆ ನೀವು ತೋರಿಸಿದ ಗೆರೆವರೆಗೇ ತುಂಬಿ ಬಾಯಿಗೆ ಹಾಕ್ದೆ."

ಯಾಮ್ನಾ ಆಸ್ಪತ್ರೆಯ ಕೌಂಟರಿನ ಅಂಚು ಹಿಡಿದು ನಿಂತಿದ್ದಳು. ಅಟ್ಲಾಸ್ ಬೆಟ್ಟದ ಮೇಲಿನ ಹಳ್ಳಿಯಿಂದ ವ್ಯಾನಿನಲ್ಲಿ ಐದು ಗಂಟೆ ಇಳಿದು ಬಂದಿದ್ದಳು. ಅದೇ ವ್ಯಾನು ಮಧ್ಯಾಹ್ನ ಒಂದಕ್ಕೆ ವಾಪಸ್ಸು ಹೊರಡಲಿತ್ತು. ಆರು ವರ್ಷದ ಮಗಳು ಇಜ್ಜಾ ಊರಲ್ಲೇ ಅಜ್ಜಿಯ ಬಳಿ ಮಲಗಿದ್ದಳು. ಗಡ್ಡೆ ಮೂಳೆಗೆಲ್ಲ ಹಬ್ಬಿದ ಮೇಲೆ, ಉಳಿದ ದಿನಗಳನ್ನು ಮನೆಯಲ್ಲೇ ನೋವಿಲ್ಲದೆ ಕಳೆಯಲಿ ಎಂದು ಆಸ್ಪತ್ರೆಯವರು ಈ ಔಷಧಿ ಕೊಟ್ಟು ಕಳಿಸಿದ್ದರು. ಬೆಳಿಗ್ಗೆ ಐದಕ್ಕೆ ಕುಡಿಸಿದ್ದೇ ಕೊನೆಯದು.

"ಮತ್ತೆ ಹೇಗೆ ಮುಗೀತು?"

"ಪಕ್ಕದ ಮನೆ ಹುಡುಗಿ ತೂಡಾಗೂ ಕೊಟ್ಟೆ. ಅವಳ ತೊಡೇಲೂ ಅಂಥದ್ದೇ ಗಡ್ಡೆ."

ಔಷಧಿ ವಿಭಾಗದ ಮಿಲೂದ್ ಸಾಹೇಬರು ಬೀಗದ ಕೈ ಹಿಡಿದುಕೊಂಡೇ ತಿರುಗಿದರು. "ಅದೇನು ಹರೀರಾ ಗಂಜಿನಾ, ಗೋಡೆ ಮೇಲಿಂದ ಬಟ್ಟಲು ದಾಟಿಸೋಕೆ?"

"ಗೋಡೆ ಮೇಲಿಂದಾನೇ ಕೊಟ್ಟೆ, ಸಾಹೇಬ್ರೇ." ಯಾಮ್ನಾಳಿಗೆ ಕುಹಕ ತಿಳಿಯಲಿಲ್ಲ. "ನಮ್ಮ ಅಡುಗೆ ವಾಸನೆ ಹೋದ ಮನೆಗೆ ಒಂದು ಬಟ್ಟಲೂ ಹೋಗ್ಬೇಕು. ಇದಕ್ಕೆ ವಾಸನೆ ಇಲ್ಲ, ನಿಜ. ಆದ್ರೆ ಇಜ್ಜಾ ಅಳು ನಿಲ್ಲಿಸಿದ್ದು ಗೋಡೆಯಾಚೆ ಕೇಳಿಸ್ತು. ತೂಡಾ ಅವ್ವ ಬಂದು ಬಾಗಿಲಲ್ಲಿ ನಿಂತ್ಲು."

"ಆ ಹುಡುಗಿ ತೂಕ ಗೊತ್ತಾ ನಿಂಗೆ? ಉಸಿರು ನಿಂತಿದ್ರೆ?"

"ಅವಳ ಪಕ್ಕ ಹೋಗಿ ಉಸಿರು ಎಣಿಸ್ತಾ ಕೂತಿದ್ದೆ. ಅಕ್ಕ ಹೇಳಿಕೊಟ್ಟ ಹಾಗೇ."

"ಇಜ್ಜಾದ್ರಲ್ಲೇ ಅರ್ಧ ಕೊಡಬಹುದಿತ್ತಲ್ಲ," ಎಂದಳು ಬತೂಲ್. ಅಂದಮೇಲೆ ತನ್ನ ಮಾತು ತನಗೇ ಸರಿಕಾಣಲಿಲ್ಲ.

"ಮೊದಲ ದಿನ ಹಾಗೇ ಮಾಡ್ದೆ. ಇಬ್ರೂ ಅತ್ರು."

ಮಿಲೂದ್ ಕಪಾಟು ತೆರೆದರು. ಮೂರೇ ಸೀಸೆಗಳಿದ್ದವು, ಒಂದೊಂದರ ಮೇಲೂ ಒಂದೊಂದು ಮಗುವಿನ ಹೆಸರು. ಇಜ್ಜಾಳದನ್ನು ತೆಗೆದು ಮುಂದಿಟ್ಟರು. "ಇದು ಶನಿವಾರ ಕೊಡಬೇಕಾದ್ದು. ಹಿಂದಿನದು ಚೆಲ್ಲಿಹೋಯ್ತು ಅಂತ ಬರೆದು ಇವತ್ತೇ ಕೊಡ್ತೀನಿ. ಇದೊಂದೇ ಸಲ. ಇನ್ನೊಂದು ಬಾಯಿಗೆ ಹೋಯ್ತು ಅಂತ ಗೊತ್ತಾದ್ರೆ ಇಜ್ಜಾ ಔಷಧಿ ಕಾರ್ಡೂ ನಿಲ್ಲುತ್ತೆ. ಆಣೆ ಮಾಡು."

"ತೂಡಾಗೆ?"

"ಅವಳನ್ನ ಕರ್ಕೊಂಡು ಬರ್ಲಿ. ಡಾಕ್ಟರು ನೋಡಿ ಕಾರ್ಡು ಮಾಡ್ತಾರೆ."

"ಹಾಸಿಗೆಯಿಂದ ಎತ್ತಿದ್ರೇ ಚೀರ್ತಾಳೆ. ಆ ದಾರೀಲಿ ಐದು ಗಂಟೆ ಕೂರಿಸಬೇಕಾದ್ರೆ ಈ ಔಷಧೀನೇ ಬೇಕಲ್ಲ, ಸಾಹೇಬ್ರೇ."

ಮಿಲೂದ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

"ಡಾಕ್ಟರೇ ಬೆಟ್ಟ ಹತ್ತಿ ಹೋದ್ರೆ?" ಎಂದಳು ಬತೂಲ್.

"ಆಸ್ಪತ್ರೆ ಗಾಡಿ ಆ ಕಡೆ ಹೋಗೋದು ಮುಂದಿನ ತಿಂಗಳು. ಕಾರ್ಡಿಲ್ಲದೆ ಒಂದು ತೊಟ್ಟೂ ನನ್ನ ಕೈಲಿಲ್ಲ. ನಿಂಗೂ ಗೊತ್ತು."

ಹೊರಗೆ ವ್ಯಾನು ಹಾರನ್ ಹೊಡೆಯಿತು. ಯಾಮ್ನಾ ಬಾಗಿಲ ಕಡೆ ನೋಡಿದಳು, ಸೀಸೆಯ ಕಡೆ ನೋಡಿದಳು. ಆಮೇಲೆ ಆಣೆ ಮಾಡಿ ಹೆಬ್ಬೆಟ್ಟು ಒತ್ತಿದಳು. ಸೀಸೆಯನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡವಳು, ಎರಡು ಹೆಜ್ಜೆ ಹೋಗಿ ವಾಪಸ್ಸು ಬಂದಳು. ಬಟ್ಟೆಯ ಗಂಟಿನಿಂದ ಒಂದು ಸಿರಿಂಜ್ ತೆಗೆದು ಕೌಂಟರಿನ ಮೇಲಿಟ್ಟಳು. ಒಂದು ಕಳೆದರೆ ಇನ್ನೊಂದಿರಲಿ ಎಂದು ಬತೂಲಳೇ ಕೊಟ್ಟಿದ್ದು.

"ಇದು ಮನೇಲಿದ್ರೆ ನನ್ನ ಕೈ ತಡೆಯಲ್ಲ, ಅಕ್ಕ."

ವ್ಯಾನು ತಿರುವು ದಾಟುವವರೆಗೂ ಸದ್ದು ಕೇಳುತ್ತಿತ್ತು. ಬತೂಲ್ ಸಿರಿಂಜನ್ನು ಕೈಗೆತ್ತಿಕೊಂಡಳು. ತೂಡಾಳ ಈ ಸಿರಿಂಜ್ ಇಜ್ಜಾಳದರ ಜೊತೆ ಅದಲುಬದಲಾಗದಿರಲೆಂದು ಅದರ ಕೊರಳಿಗೆ ಜಡೆಗೆ ಹಾಕುವ ಕೆಂಪು ಉಣ್ಣೆಯ ದಾರ ಕಟ್ಟಿತ್ತು. ತಾನು ಪೆನ್ನಿನಲ್ಲಿ ಎಳೆದುಕೊಟ್ಟಿದ್ದ ನೀಲಿ ಗೆರೆ ತೊಳೆದು ತೊಳೆದು ಮಾಸಿತ್ತು. ಅದೇ ಜಾಗದಲ್ಲಿ, ಒಂದು ಕೂದಲೆಳೆಯಷ್ಟೂ ಆಚೀಚೆಯಾಗದಂತೆ, ಯಾರೋ ಸೂಜಿಯಿಂದ ಗೆರೆ ಕೊರೆದಿದ್ದರು.