ಮನೆಯ ಹಿರಿಯರು ಬಂದು ಹೇಳಲಿ

ನಾನು ಆರಿಸಿದ ಪಾಠವನ್ನು ಯಾರೋ ಬದಲಿಸಿದ್ದಾರೆಂದು ಹೇಳಿದವಳು ಕಾಲೇಜಿನ ಆಫೀಸಿನ ಪಂಕಜಾಕ್ಷಿ. ಅದೂ ಎಷ್ಟು ಸಲೀಸಾಗಿ! "ನಿಮ್ಮ ಗಿಲ್ಬರ್ಟ್ ವಕೀಲರು ಫೋನ್ ಮಾಡಿದ್ರಲ್ಲ ಜೋಸ್ಫಿನ್. ನಿಮ್ಗೆ ಗೊತ್ತುಂಟು ಅಂತ ನಾನು ಎಣಿಸಿದ್ದು."

ಅದು 1992. ಮಂಗಳೂರಿನ ನಮ್ಮ ಕಾನೂನು ಕಾಲೇಜಿನಿಂದ ಇಂಗ್ಲೆಂಡಿನಲ್ಲಿ ಆರು ತಿಂಗಳು ಓದಲು ನನ್ನನ್ನು ಆರಿಸಿದ್ದರು. ಅಲ್ಲಿ ನಾಲ್ಕು ವಿಷಯ ಓದಬೇಕು, ಆಯ್ಕೆ ನಮ್ಮದೇ. ನಾನು ಮೊದಲು ಬರೆದದ್ದು ಕುಟುಂಬ ಕಾನೂನು. ಉಳಿದ ಮೂರು ಯಾವುದಾದರೂ ಆಗಬಹುದಿತ್ತು. ಈಗ ಆ ಮೊದಲ ಜಾಗದಲ್ಲಿ ಹಡಗು ಕಾನೂನು ಬಂದು ಕೂತಿತ್ತು. ಕಾಸರಗೋಡಿನ ಒಳನಾಡಿನ ವರ್ಕಾಡಿಯಲ್ಲಿ ಹುಟ್ಟಿ ಬೆಳೆದ ನಾನು ಹಡಗನ್ನು ಹತ್ತಿರದಿಂದ ನೋಡಿದ್ದೂ ಇಲ್ಲ.

ಪ್ರಿನ್ಸಿಪಾಲರು ತಲೆ ಎತ್ತದೆ ಹೇಳಿದರು: "ಮನೆಯವರ ಮಾತು ಮೀರಿ ನಾನು ಕಳಿಸುದಿಲ್ಲಮ್ಮ. ನಾಳೆ ಮಧ್ಯಾಹ್ನದೊಳಗೆ ಮನೆಯ ಹಿರಿಯರು ಯಾರಾದ್ರೂ ಬಂದು ಹೇಳ್ಲಿ, ಮತ್ತೆ ನೋಡುವ."

ನನಗೆ ಓಟು ಹಾಕಬಹುದು, ಕೋರ್ಟಿನಲ್ಲಿ ಸಾಕ್ಷಿ ಹೇಳಬಹುದು. ಪಾಠ ಆರಿಸಲು ಮಾತ್ರ ಹಿರಿಯರು ಬೇಕು! ನೇರ ಕಾಸರಗೋಡಿನ ಬಸ್ಸು ಹತ್ತಿದೆ. ಅಲ್ಲಿಂದ ಟೌನ್ ಬಸ್ಸಿನಲ್ಲಿ ವಿದ್ಯಾನಗರದ ವಕೀಲರ ಆಫೀಸಿಗೆ.

ಗಿಲ್ಬರ್ಟ್ ಬಾಪ್ಪು ಪಪ್ಪನ ತಮ್ಮ. ಊರವರ ಬೇಲಿ ಜಗಳಕ್ಕೆಲ್ಲ ಓಡುವ ದೊಡ್ಡ ವಕೀಲರು. ಊರಿಗೆ ಉಪಕಾರಿ, ಮನೆಗೆ ಮಾರಿ. ನನ್ನ ಅಕ್ಕ ಜೆರ್ಟ್ರೂಡ್, ಗಂಡ ಹೊಡೆದು ಮುರಿದ ತನ್ನ ಕೈ ಹಿಡಿದುಕೊಂಡು ಮನೆಗೆ ಬಂದಾಗ ನಾವು ಮೊದಲು ಓಡಿದ್ದು ಇವರ ಬಳಿಗೇ. ಅವರು ಪುಸ್ತಕ ತೆರೆದು ಓದಿ ಹೇಳಿದ್ದರು. ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ವಿಚ್ಛೇದನ ಸಿಗುತ್ತದೆ. ಹೆಂಡತಿಗೆ ಅಷ್ಟು ಸಾಲದು. ಅವನು ಹೊಡೆದದ್ದೂ ಸಾಬೀತಾಗಬೇಕು, ಇನ್ನೊಬ್ಬಳ ಜೊತೆ ಇದ್ದದ್ದೂ ಸಾಬೀತಾಗಬೇಕು. "ಇವ ಹೊಡ್ದದ್ದು ಮಾತ್ರ ಅಲ್ವ?" ಎಂದು ಪುಸ್ತಕ ಮುಚ್ಚಿದ್ದರು. ಆ 'ಮಾತ್ರ' ಇಂದಿಗೂ ನನ್ನ ಎದೆಯಲ್ಲಿ ಮುಳ್ಳು.

"ಬದಲಿಸಿದ್ದು ಯಾಕೆ ಬಾಪ್ಪು?"

"ನಿನ್ನ ಒಳ್ಳೇದಕ್ಕೆ. ಒಬ್ಬಳು ಗಂಡನನ್ನು ಬಿಟ್ಟು ಬಂದು ಕೂತಿದ್ದಾಳೆ. ಇನ್ನೊಬ್ಬಳು ಅದನ್ನೇ ಕಲೀಲಿಕ್ಕೆ ವಿಲಾಯತಿಗೆ ಹೋದ್ಲು ಅಂದ್ರೆ ನಿಂಗೆ ಸಂಬಂಧ ಯಾರು ತರ್ತಾರೆ? ಅಲ್ಲಿ ಓದಿದ್ರೆ ಇಲ್ಲಿಯ ಕಾನೂನು ಬದಲಾಗ್ತದ?"

"ಇಲ್ಲಿಯದ್ದು ಸರಿ ಇಲ್ಲ ಅಂತಲೇ ಅಲ್ಲಿಯದ್ದು ಓದುದು!" ಎಂದು ಕಿರುಚಿದೆ. ಬೆಂಚಿನಲ್ಲಿ ಕೂತ ಕಕ್ಷಿದಾರರೆಲ್ಲ ತಿರುಗಿ ನೋಡಿದರು. ನೋಡಲಿ.

ನಾನು ಮನೆ ಮುಟ್ಟುವ ಮೊದಲೇ ಬಾಪ್ಪುವಿನ ಫೋನು ಮುಟ್ಟಿತ್ತು.

ನಮ್ಮಲ್ಲಿ ಸಂಜೆಯ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಚಿಕ್ಕವರು ಕೈ ಮುಗಿದು ದೊಡ್ಡವರ ಹತ್ತಿರ 'ಬೆಸಾಂವ್' ಕೇಳುತ್ತಾರೆ, ಆಶೀರ್ವಾದ. ಎಷ್ಟೇ ಜಗಳವಿದ್ದರೂ ದೊಡ್ಡವರು ಕೊಡದೆ ಇರುವುದಿಲ್ಲ. ಅಕ್ಕ ಮಾತ್ರ ಗಂಡನ ಮನೆ ಬಿಟ್ಟು ಬಂದಂದಿನಿಂದ ಕೊನೆಯ ಪ್ರಾರ್ಥನೆಗೆ ಮೊದಲೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ತನ್ನ ಬೆಸಾಂವ್ ಯಾರಿಗೆ ಬೇಕು ಎಂದು ಅವಳೇ ತೀರ್ಮಾನಿಸಿದ್ದಳು. ಹೋಗಬೇಡವೆಂದು ಯಾರೂ ತಡೆಯಲಿಲ್ಲ.

ಅಂದು ನಾನು ಕೈ ಮುಗಿದು ನಿಂತೆ. ಪಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. "ಮೊದಲು ಹಡಗಿನದ್ದು ಓದ್ತೇನೆ ಅಂತ ಹೇಳು. ಮತ್ತೆ ಬೆಸಾಂವ್." ಅಮ್ಮನ ಕೈ ಮೇಲೆದ್ದಿತ್ತು, ಪಪ್ಪನನ್ನು ನೋಡಿ ಕೆಳಗಿಳಿಯಿತು. ದೇವರ ಆಶೀರ್ವಾದಕ್ಕೂ ಇವರ ಷರತ್ತು!

ಅಡುಗೆಮನೆಗೆ ನುಗ್ಗಿದೆ. ಅಕ್ಕ ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು.

"ಯಾಕೆ ಜಗಳ? ಹಡಗಿನದ್ದೇ ಓದು ಮಾರಾಯ್ತಿ. ನನ್ನದು ಆಗಿ ಹೋಯ್ತು."

"ನೀನೂ ಹೀಗೇ ಹೇಳು! ನೀನು ಇಗರ್ಜಿಗೂ ಹೋಗದೆ ಇಲ್ಲಿ ಕೂತಿದ್ದಿ. ನಿನ್ನ ಗಂಡನಿಗೆ ಎಂತ ಆಗಿದೆ? ಮೊನ್ನೆ ಭಾನುವಾರ ಪೂಜೆ ಬಿಟ್ಟ ಮೇಲೆ ಬಾಪ್ಪು, ಪಪ್ಪ ಇಬ್ಬರೂ ಅವನೊಟ್ಟಿಗೆ ನಿಂತು ನಗಾಡ್ತಾ ಇದ್ರು."

ಅಕ್ಕನ ಕೈ ನಿಂತಿತು. "ಪಪ್ಪನೂ?"

"ಹೌದು. ನಾನೇ ನೋಡಿದ್ದು."

ಅವಳು ಮೀನು, ಕತ್ತಿ ಎರಡನ್ನೂ ಬದಿಗಿಟ್ಟಳು. ನಾನು ಅವಳೆದುರು ಕೈ ಮುಗಿದೆ. "ಬೆಸಾಂವ್ ಕೊಡು."

"ಮೀನಿನ ಕೈ."

"ಇರ್ಲಿ."

ಮೂಳೆ ಸರಿಯಾಗಿ ಕೂಡದ ಆ ಬಲಗೈಯನ್ನೇ ಅವಳು ಎತ್ತಿದಳು. ಆಮೇಲೆ ಕೈ ತೊಳೆದು, ಚಾವಡಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದಳು: "ಬೆಳಿಗ್ಗೆ ಮಂಗಳೂರಿಗೆ ಬಸ್ ಎಷ್ಟು ಗಂಟೆಗೆ?"

"ಜನ ಎಂತ ಹೇಳಿಯಾರು?" ಪಪ್ಪ ಚಾವಡಿಯಿಂದಲೇ ಗುಡುಗಿದರು.

"ಹೇಳ್ಲಿ ಪಪ್ಪ. ನೀವು ಅವನೊಟ್ಟಿಗೆ ನಗಾಡುವಾಗ ಜನ ಎಂತ ಹೇಳಿದ್ರು?"



ಮರುದಿನ ಪ್ರಿನ್ಸಿಪಾಲರು ನಮ್ಮಿಬ್ಬರನ್ನು ನೋಡಿ ಹುಬ್ಬು ಗಂಟಿಕ್ಕಿದರು. "ತಂದೆ ಬರ್ಲಿಲ್ವ? ನಾನು ಮನೆಯ ಹಿರಿಯರು ಅಂತ ಹೇಳಿದ್ದು."

ಅಕ್ಕ ಕೂರಲಿಲ್ಲ. ಸೆರಗಿನೊಳಗೆ ಮುಚ್ಚಿಕೊಂಡೇ ಇರುತ್ತಿದ್ದ ಬಲಗೈಯನ್ನು ಹೊರತೆಗೆದು ಅವರ ಮೇಜಿನ ಮೇಲಿಟ್ಟಳು.

"ಈ ಪಾಠಕ್ಕೆ ನಮ್ಮ ಮನೆಯಲ್ಲಿ ಹಿರಿಯಳು ನಾನೇ ಸರ್," ಎಂದಳು. "ಕುಟುಂಬ ಕಾನೂನು ಅಂತ ಬರೀರಿ."