ಬೇಲಿ ಹಾರುವ ಹೊದಿಕೆ

ಲಾರ್ಚ್ ರಸ್ತೆಯ ಹೆಂಗಸರಿಗೆ ಮಿಸ್ ಪಾರ್ಜಿಟರ್ ಎಂದರೆ ನಗು. ಅಷ್ಟು ಓದಿದವಳು, ನಗರಸಭೆಯ ಮನೆಗಳ ತಪಾಸಣೆಗೆ ಬರುವವಳು, ತನ್ನ ಬೂಟಿನ ಲೇಸ್ ಮಾತ್ರ ನೆಟ್ಟಗೆ ಕಟ್ಟಿಕೊಳ್ಳಲಾರಳು. ಒಂದು ಮನೆ ನೋಡಿ ಹೊರಬಂದಳೆಂದರೆ ಗೇಟಿನ ಬಳಿ ಬಗ್ಗಲೇಬೇಕು. ಉದ್ದ ಕೋಟು ನೆಲಕ್ಕೆ ಹರಡಿಕೊಂಡು, ಬೀದಿಗೆ ಬೆನ್ನು ಮಾಡಿ, ಎರಡು ಮೂರು ನಿಮಿಷ ಅದೇನೋ ಕಟ್ಟುತ್ತಿದ್ದಳು.

ಆ ಎರಡು ಮೂರು ನಿಮಿಷವೇ ಅವರಿಗೆ ಬೇಕಾಗಿದ್ದದ್ದು. ಶೆಫೀಲ್ಡಿನ ಹಳೆಯ ವಠಾರಗಳಿಂದ ಈ ಹೊಸ ಮನೆಗಳಿಗೆ ಬರುವಾಗ ತಿಗಣೆ ಹತ್ತಿದ ಹಾಸಿಗೆ ಹೊದಿಕೆಯನ್ನೆಲ್ಲ ಎಲ್ಲರೂ ಸುಟ್ಟು ಬಂದಿದ್ದರು. ಇಡೀ ಸಾಲಿಗೆ ಉಳಿದಿದ್ದದ್ದು ಒಂದೇ ಒಳ್ಳೆಯ ಹೊದಿಕೆ, ಹದಿನಾಲ್ಕನೇ ನಂಬರಿನ ಕ್ಲಾರಾಳ ಮದುವೆಯದು. ಬಿಳಿ ಬಣ್ಣ, ಅಂಚಿಗೆ ಕುಚ್ಚು. ಮಿಸ್ ಮುಂಬಾಗಿಲಿನಿಂದ ಹೊರಟರೆ ಹೊದಿಕೆ ಹಿಂಬಾಗಿಲಿನಿಂದ ಹೊರಟು, ಗಿಡದ ಬೇಲಿ ಹಾರಿ, ಮುಂದಿನ ಮನೆಯ ಮಂಚದ ಮೇಲೆ ಏನೂ ಅರಿಯದಂತೆ ಮಲಗಿರುತ್ತಿತ್ತು. ಮನೆಗಳೆಲ್ಲ ಒಂದೇ ಅಚ್ಚಿನವು. ಕಣ್ಣು ಮುಚ್ಚಿ ಓಡಿದರೂ ಮಂಚ ಸಿಗುತ್ತಿತ್ತು.

ಇಪ್ಪತ್ತನೇ ನಂಬರಿನ ಹೆಟ್ಟಿ ಬ್ರಾಮ್‌ಲಿಗೆ ಮಾತ್ರ ಇದು ಬರೀ ಆಟವಾಗಿರಲಿಲ್ಲ. ಮಿಸ್‌ಗಿಂತ ಮುಂಚೆ ತಪಾಸಣೆಗೆ ಬರುತ್ತಿದ್ದ ಸಿಡುಕು ಮೋರೆಯವನು ಅವಳ ಹೆಸರಿನ ಮುಂದೆ ‘ಹಾಸಿಗೆ ಸರಿಯಿಲ್ಲ’ ಎಂದು ಬರೆದು ಹೋಗಿದ್ದ. ಇನ್ನೊಂದು ಸಲ ಹಾಗೆ ಬರೆಸಿಕೊಂಡರೆ ಮತ್ತೆ ವಠಾರವೇ ಗತಿ. ಅಲ್ಲಿ ಹನ್ನೊಂದು ಮನೆಗೆ ಒಂದು ನಲ್ಲಿ, ಕಕ್ಕಸಿಗೂ ಸರದಿ. ಇಲ್ಲಿ ಅವಳದೇ ನಲ್ಲಿಯಿತ್ತು, ಹಿತ್ತಲಿನಲ್ಲಿ ಅವಳೇ ಹಾಕಿದ ಮೂರು ಸಾಲು ಬಟಾಣಿ ಆಗಷ್ಟೇ ಹೂ ಬಿಟ್ಟಿತ್ತು.

ಆ ಮಂಗಳವಾರ ಪಕ್ಕದ ಹದಿನೆಂಟನೇ ನಂಬರಿನ ನೆಲ್ ಹೊದಿಕೆಯನ್ನು ಉಂಡೆ ಮಾಡಿ ಬೇಲಿಯ ಮೇಲಿಂದ ಎಸೆದಳು.

"ಹಿಡಿಯೇ! ಬೆಳಗಿಂದ ಮೂರು ಮಂಚ ಹತ್ತಿ ಇಳಿದಿದೆ ಪಾಪ. ನನ್ನ ಗಂಡನಿಗಿಂತ ಜಾಸ್ತಿ ದುಡೀತಿದೆ."

"ಮಿಸ್ ಎಲ್ಲೇ?"

"ಗೇಟಲ್ಲಿ ಬಗ್ಗಿದಾಳೆ. ಆ ಲೇಸಿಗೆ ದೇವ್ರು ಒಳ್ಳೇದು ಮಾಡ್ಲಿ!"

ಹೆಟ್ಟಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದಳು. ಹೊದಿಕೆ ಹಾಸಿ ತಟ್ಟಿದರೆ ನಡುವೆ ಏನೋ ಉಬ್ಬು. ಕೆಳಗೆ ಕೈ ಹಾಕಿದಳು. ಕಂದು ಚರ್ಮದ ಒಂದು ಗ್ಲೌಸ್! ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಅವಳು ಅದನ್ನು ಹೊದಿಕೆಯಡಿಗೇ ತುರುಕಿ ಕೆಳಗೆ ಓಡಿದಳು.

ಮಿಸ್ ಪಾರ್ಜಿಟರ್‌ಳ ಎಡಗೈಯಲ್ಲಿ ಗ್ಲೌಸಿತ್ತು, ಬಲಗೈ ಬರಿದಾಗಿತ್ತು. ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು, ಮೇಲೆ ಬಂದಳು.

"ಒಂದು ಗ್ಲೌಸ್ ಪಕ್ಕದ ಮನೆ ಮಂಚದ ಮೇಲೆ ಬಿಟ್ಟು ಬಂದೆ ಅಂತ ಕಾಣುತ್ತೆ," ಎಂದಳು. "ಕಿಟಕಿ ಧೂಳು ನೋಡೋಕೆ ತೆಗೆದಿದ್ದೆ."

ಹೆಟ್ಟಿ ದೊಪ್ಪನೆ ಮಂಚದ ನಡುವೆ ಕುಳಿತಳು.

"ಕಾಲು ನೋವಾ, ಮಿಸೆಸ್ ಬ್ರಾಮ್‌ಲಿ?"

"ಸ್ವಲ್ಪ, ಮಿಸ್."

"ಸ್ವಲ್ಪ ಆ ಕಡೆ ಕೂತ್ಕೊಳ್ಳಿ. ಗ್ಲೌಸ್ ಮುದುಡುತ್ತೆ."

ಹೆಟ್ಟಿ ಮೆಲ್ಲಗೆ ಎದ್ದು ನಿಂತಳು. ಮಿಸ್ ಹೊದಿಕೆಯ ಅಂಚು ಎತ್ತಿ ಗ್ಲೌಸ್ ತೆಗೆದುಕೊಂಡಳು. ಕೆಳಗೆ ಹೆಟ್ಟಿಯ ಗಂಡನ ಹಳೆಯ ಮಿಲಿಟರಿ ಕೋಟು, ಹಿಟ್ಟಿನ ಚೀಲ ಬಿಚ್ಚಿ ಹೊಲಿದ ಹಾಸು, ಎಲ್ಲ ಬಯಲಾಯಿತು.

"ಗಾಳಿ, ಮಿಸ್. ಈ ಬೀದೀಲಿ ಗಾಳಿ ಭಾರೀ ಜೋರು."

"ಇರಬೇಕು. ಹಿತ್ತಲ ಬೇಲಿ ಎಲ್ಲಾ ನಡುವೆ ತಗ್ಗಾಗಿದೆ."

"ಮತ್ತೆ ವಠಾರಕ್ಕೆ ಕಳಿಸ್ಬೇಡಿ, ಮಿಸ್," ಎಂದುಬಿಟ್ಟಳು ಹೆಟ್ಟಿ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮಿಸ್ ಬಗ್ಗಿ ಹಾಸನ್ನು ಮೂಸಿದಳು. "ಯಾವಾಗ ಒಗೆದದ್ದು?"

"ನಿನ್ನೆ. ಸೋಮವಾರ ಬಟ್ಟೆ ಒಗೆಯೋ ದಿನ ಅಲ್ವಾ, ಮಿಸ್."

ಪೆನ್ಸಿಲ್ ಸರಸರನೆ ಓಡಿತು. "ಹಾಸಿಗೆ ಶುಭ್ರವಾ ಅಂತ ಕೇಳಿದಾರೆ. ಶುಭ್ರ. ಹೊದಿಕೆ ಯಾರದು ಅಂತ ಫಾರಮ್ಮಲ್ಲಿ ಕೇಳಿಲ್ಲ."

ಹೆಟ್ಟಿಗೆ ತಲೆಯೆತ್ತಲು ಆಗಲಿಲ್ಲ. ನೆಲ ನೋಡುತ್ತಲೇ ನಿಂತಳು. ಆಗ ಕಂಡವು ಮಿಸ್ ಪಾರ್ಜಿಟರ್‌ಳ ಬೂಟುಗಳು. ಕಪ್ಪು, ಚೆನ್ನಾಗಿ ಪಾಲಿಶ್ ಮಾಡಿದ್ದವು, ಬದಿಗೊಂದು ಬಕಲ್. ಲೇಸ್ ಎಂಬುದೇ ಇರಲಿಲ್ಲ.

ಅವಳು ಬಾಯಿ ತೆರೆಯುವುದರೊಳಗೆ ಮಿಸ್ ಗ್ಲೌಸ್ ಏರಿಸಿಕೊಂಡು ಮೆಟ್ಟಿಲಿಳಿದಿದ್ದಳು. ಹೆಟ್ಟಿ ಕಿಟಕಿಯಿಂದ ಇಣುಕಿದಳು. ಗೇಟಿನ ಬಳಿ ಉದ್ದ ಕೋಟು ನೆಲಕ್ಕೆ ಹರಡಿತ್ತು. ಹೆಟ್ಟಿಗೆ ಅಳುವೂ ಬಂತು, ನಗುವೂ ಬಂತು. ಕಣ್ಣೊರೆಸಿಕೊಂಡು ಹೊದಿಕೆ ಬಾಚಿ ಹಿತ್ತಲಿಗೆ ನಡೆದಳು.

ಬೇಲಿಯಾಚೆ ಇಪ್ಪತ್ತೆರಡನೇ ನಂಬರಿನ ಮೇಬಲ್ ಕೈ ಚಾಚಿ ಕುಣಿಯುತ್ತಿದ್ದಳು. "ಬೇಗ ಎಸಿಯೇ! ಬಂದುಬಿಡ್ತಾಳೆ!"

"ನಿಧಾನ ಮಾರಾಯ್ತಿ," ಎಂದಳು ಹೆಟ್ಟಿ. "ಮಡಿಕೆ ಬಿಡಿಸಿ ನೀಟಾಗಿ ಹಾಸು. ನೀನು ಹಾಸಿ ಮುಗಿಸೋ ತನಕ ಅವರ ಲೇಸ್ ಮುಗಿಯೋದಿಲ್ಲ."